ಇಬ್ಬರ ಟೆಂಟ್, ಎರಡು ಬಾಗಿಲು: ಬೆಟ್ಟದಲ್ಲಿ ಎರಡು ರಾತ್ರಿ ಮಲಗಿ ಬಂದ ಮೇಲೆ

ನೇರವಾಗಿ ಹೇಳಿಬಿಡುತ್ತೇನೆ. ಗಂಡ ಹೆಂಡತಿ ಇಬ್ಬರೇ ಎರಡು ಮೂರು ದಿನದ ಟ್ರೆಕ್‌ಗೆ ಹೊರಟಿದ್ದರೆ ಮೊದಲು ಟೆಂಟ್ ನೋಡಿ, ಆಮೇಲೆ ದಾರಿ ನೋಡಿ. ಜಾಸ್ತಿ ಜನ ಉಲ್ಟಾ ಮಾಡುತ್ತಾರೆ. ಹೋದ ಸಲ ನಾವೂ ಹಾಗೇ ಮಾಡಿದ್ದೆವು. ಯಾವ ಶಿಖರ, ಯಾವ ದಾರಿ, ಸೂರ್ಯೋದಯ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ ವಾರಗಟ್ಟಲೆ ಕೂತು ನೋಡಿದೆವು, ಟೆಂಟ್ ಮಾತ್ರ ಹೊರಡುವ ಹಿಂದಿನ ದಿನ ಗೆಳೆಯರೊಬ್ಬರಿಂದ ಕೇಳಿ ತಂದೆವು. ಅದಕ್ಕೆ ಒಂದೇ ಬಾಗಿಲು, ಅದೂ ನಾನು ಮಲಗಿದ್ದ ಕಡೆ. ರಾತ್ರಿ ನನ್ನ ಗಂಡ ಹೊರಗೆ ಹೋಗಬೇಕಾದಾಗಲೆಲ್ಲ ನನ್ನನ್ನು ದಾಟಿಕೊಂಡೇ ಹೋಗಬೇಕಿತ್ತು. ಮೂರು ಸಲ ಹೋದ. ಬೆಳಿಗ್ಗೆ ಇಬ್ಬರಿಗೂ ನಿದ್ದೆ ಇಲ್ಲ, ಮಧ್ಯಾಹ್ನದ ಹೊತ್ತಿಗೆ ಮಾತೂ ಇಲ್ಲ. ಎರಡನೇ ರಾತ್ರಿಯ ಯೋಚನೆ ಬಿಟ್ಟು ಸಂಜೆಯೊಳಗೆ ಕೆಳಗೆ ಇಳಿದುಬಿಟ್ಟೆವು.

ಬೆಟ್ಟ ಚೆನ್ನಾಗಿತ್ತು, ಹವಾಮಾನ ಚೆನ್ನಾಗಿತ್ತು, ನಮ್ಮ ಕಾಲುಗಳೂ ಚೆನ್ನಾಗಿದ್ದವು. ಕೆಟ್ಟದ್ದು ನಿದ್ದೆ ಒಂದೇ. ಅದಕ್ಕೇ ಈ ಸಲ ಟೆಂಟ್ ಕೊಂಡುಕೊಂಡು, ಅದಕ್ಕೆ ತಕ್ಕ ಹಾಗೆ ಪ್ಲಾನ್ ಮಾಡಿ ಹೋದೆವು. ಎರಡು ರಾತ್ರಿ, ಮೂರು ಹಗಲು. ಒಂದು ರಾತ್ರಿ ತಿಳಿ ಆಕಾಶ, ಇನ್ನೊಂದು ರಾತ್ರಿ ಮಳೆ ಗಾಳಿ ಎರಡೂ. ಹಾಗಾಗಿ ಈ ಟೆಂಟ್ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಬಗೆಯ ಟೆಂಟ್‌ಗಳನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ನೋಡಬೇಕಾದ ವಿಷಯಗಳೂ ಎಲ್ಲದರಲ್ಲೂ ಹೆಚ್ಚುಕಡಿಮೆ ಅವೇ. ನಮ್ಮದು ಇಬ್ಬರಿಗೆ ಅಂತ ಮಾಡಿದ ಎರಡು ಪದರದ ಟೆಂಟ್: ಒಳಗೆ ಬಲೆಯಂಥ ತೆಳು ಟೆಂಟ್, ಅದರ ಮೇಲೆ ನೀರು ಹಿಡಿಯದ ನೈಲಾನ್ ಹೊದಿಕೆ. ಅಲ್ಯೂಮಿನಿಯಂ ಕಂಬಿ. ಎರಡು ಪಕ್ಕಕ್ಕೂ ಒಂದೊಂದು ಬಾಗಿಲು, ಬಾಗಿಲ ಮುಂದೆ ಹೊದಿಕೆ ಚಾಚಿಕೊಂಡು ಒಂದೊಂದು ಪುಟ್ಟ ಜಗುಲಿಯಂಥ ಜಾಗ. ಈ ಎರಡು ಬಾಗಿಲೇ ನನ್ನ ಮುಖ್ಯ ಮಾತು. ಒಂದು ಬಾಗಿಲಿನ ಟೆಂಟ್ ತೂಕದಲ್ಲಿ ಸ್ವಲ್ಪ ಕಡಿಮೆ ಬರುತ್ತದೆ, ನಿಜ. ನಾವು ನೋಡಿದ ಎರಡರ ನಡುವೆ ಇನ್ನೂರು ಮುನ್ನೂರು ಗ್ರಾಂ ವ್ಯತ್ಯಾಸ ಇತ್ತು. ಆ ತೂಕವನ್ನು ನಾನು ಖುಷಿಯಿಂದ ಹೊರುತ್ತೇನೆ. ಅವನ ಶೂ, ಅವನ ಚೀಲ ಅವನ ಕಡೆ. ನನ್ನದು ನನ್ನ ಕಡೆ. ರಾತ್ರಿ ಯಾರು ಎಷ್ಟು ಹೊತ್ತಿಗೆ ಎದ್ದರೂ ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ.

ತೂಕದ ವಿಷಯದಲ್ಲಿ ಒಂದು ಎಚ್ಚರಿಕೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 1.67 ಕೆ.ಜಿ. ಅಂತ ಇತ್ತು. ಮನೆಗೆ ತಂದು ತಕ್ಕಡಿಗೆ ಹಾಕಿದರೆ 1.9 ಕೆ.ಜಿ. ಮೋಸ ಅಲ್ಲ, ಲೆಕ್ಕ ಹಾಕುವ ರೀತಿ ಹಾಗಿದೆ. ಕನಿಷ್ಠ ತೂಕ ಅಂದರೆ ಒಳಟೆಂಟ್, ಹೊದಿಕೆ, ಕಂಬಿ ಇಷ್ಟೇ. ಗೂಟ, ಹಗ್ಗ, ಚೀಲ ಅದರಲ್ಲಿ ಸೇರಿರುವುದಿಲ್ಲ. ಗೂಟ ಇಲ್ಲದೆ ಯಾರೂ ಬೆಟ್ಟಕ್ಕೆ ಹೋಗುವುದಿಲ್ಲ ಅಲ್ವಾ? ಹಾಗಾಗಿ ಎರಡು ಟೆಂಟ್ ಹೋಲಿಸುವಾಗ ಪೂರ್ತಿ ತೂಕದ ಅಂಕಿಯನ್ನೇ ಹೋಲಿಸಿ.

ಇನ್ನು ಅಗಲ. ‘ಇಬ್ಬರಿಗೆ’ ಅಂತ ಬರೆದಿರುವುದು ಇಬ್ಬರು ಹೆಗಲಿಗೆ ಹೆಗಲು ತಾಗಿಸಿ ಮಲಗಿದಾಗಿನ ಲೆಕ್ಕ. ಸಾಮಾನ್ಯ ಮ್ಯಾಟ್ 51 ಸೆಂ.ಮೀ. ಅಗಲ ಇರುತ್ತದೆ, ಎರಡು ಸೇರಿದರೆ 102. ನಮ್ಮ ಟೆಂಟ್ ತಲೆಯ ಕಡೆ 130 ಸೆಂ.ಮೀ., ಕಾಲಿನ ಕಡೆ 110. ಈ ಎರಡನೇ ಅಂಕಿಯನ್ನು ನಾವು ಮೊದಲು ಗಮನಿಸಲೇ ಇಲ್ಲ. ನನ್ನದು 64 ಸೆಂ.ಮೀ. ಅಗಲದ ಮ್ಯಾಟ್, ಅವನದು ಸಾಮಾನ್ಯದ್ದು. ಕೂಡಿಸಿದರೆ 115. ತಲೆಯ ಕಡೆ ಆರಾಮಾಗಿ ಕೂತಿತು, ಕಾಲಿನ ಕಡೆ ಒಂದರ ಅಂಚು ಇನ್ನೊಂದರ ಮೇಲೆ ಹತ್ತಿತು. ಕೊನೆಗೆ ನನ್ನ ಮ್ಯಾಟ್ ಮನೆಯಲ್ಲೇ ಬಿಟ್ಟು, ಕಾಲಿನ ಕಡೆ ಕಿರಿದಾಗುವ ಆಕಾರದ ಮ್ಯಾಟ್ ಒಂದನ್ನು ಬಾಡಿಗೆಗೆ ತಂದೆ. ಅದು ಸರಿಹೋಯಿತು. ಅಗಲ ಮ್ಯಾಟ್ ಎರಡು ಇದ್ದವರಿಗೆ ಈ ಟೆಂಟ್ ಆಗುವುದಿಲ್ಲ.

ಉದ್ದದಲ್ಲೂ ಹೀಗೇ ಒಂದು ಸೂಕ್ಷ್ಮ ಇದೆ. ನೆಲ 210 ಸೆಂ.ಮೀ. ಉದ್ದ, ನನ್ನ ಗಂಡ 180. ಮೂವತ್ತು ಸೆಂ.ಮೀ. ಉಳಿಯುತ್ತದೆ ಅಂತ ಲೆಕ್ಕ ಹಾಕಿದ್ದೆವು. ಆದರೆ ಟೆಂಟ್‌ನ ಗೋಡೆ ಒಳಕ್ಕೆ ವಾಲಿಕೊಂಡಿರುತ್ತದೆ, ಗಾಳಿ ತುಂಬಿದ ಮ್ಯಾಟ್ ನಮ್ಮನ್ನು ನೆಲದಿಂದ ಏಳೆಂಟು ಸೆಂ.ಮೀ. ಮೇಲಕ್ಕೆ ಎತ್ತುತ್ತದೆ, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್‌ನ ದಪ್ಪ ಬೇರೆ. ಇಷ್ಟೆಲ್ಲ ಸೇರಿ ಅವನ ಕಾಲ ತುದಿ ಗೋಡೆಗೆ ಹತ್ತಿಹತ್ತಿ ಇತ್ತು. ತಾಗಲಿಲ್ಲ, ಆದರೆ ಇನ್ನೂ ಒಂದು ಗೇಣು ಎತ್ತರ ಇರುವವರಿಗೆ ಖಂಡಿತ ತಾಗುತ್ತದೆ. ಗೋಡೆಗೆ ತಾಗಿದರೆ ಬೆಳಗಿನ ಹೊತ್ತಿಗೆ ಬ್ಯಾಗ್‌ನ ತುದಿ ಒದ್ದೆ. ಅಂಗಡಿಯಲ್ಲಿ ಹಾಕಿಟ್ಟ ಟೆಂಟ್ ಇದ್ದರೆ ಮ್ಯಾಟ್ ತೆಗೆದುಕೊಂಡು ಹೋಗಿ ಇಬ್ಬರೂ ಮಲಗಿ ನೋಡಿ. ಸಂಕೋಚ ಬೇಡ.

ಹೊರಡುವ ಮೊದಲು ಮನೆ ಹತ್ತಿರದ ಬಯಲಲ್ಲಿ ಮೂರು ಸಲ ಟೆಂಟ್ ಹಾಕಿ ತೆಗೆದೆವು. ಮೊದಲ ಸಲ 22 ನಿಮಿಷ, ಮಧ್ಯೆ ಸ್ವಲ್ಪ ಜಗಳ. ಯಾಕೆಂದರೆ ಇಬ್ಬರೂ ಒಂದೇ ಕಂಬಿಯ ಎರಡು ತುದಿ ಹಿಡಿದು ಇಬ್ಬರೂ ಹೇಳುತ್ತಿದ್ದೆವು, ಕೇಳುವವರು ಯಾರೂ ಇರಲಿಲ್ಲ. ಎರಡನೇ ಸಲ ಕೆಲಸ ಹಂಚಿಕೊಂಡೆವು: ಕಂಬಿ ಅವನದು, ಗೂಟ ಹಗ್ಗ ನನ್ನದು. ಮೂರನೇ ಸಲ ಎಂಟು ನಿಮಿಷ. ಈ ಎಂಟು ನಿಮಿಷ ಎರಡನೇ ಸಂಜೆ ನಮ್ಮನ್ನು ಉಳಿಸಿತು, ಮುಂದೆ ಹೇಳುತ್ತೇನೆ.

ಈ ಟೆಂಟ್‌ನ ದೊಡ್ಡ ಕೊರತೆ ಗೊತ್ತಾಗಿದ್ದೂ ಅಲ್ಲೇ. ಇದರಲ್ಲಿ ಮೊದಲು ಒಳಟೆಂಟ್ ನಿಲ್ಲಿಸಬೇಕು, ಆಮೇಲೆ ಹೊದಿಕೆ ಹೊದಿಸಬೇಕು. ಮಳೆಯಲ್ಲಿ ಹಾಕಿದರೆ ಒಳಟೆಂಟ್ ನೆನೆಯುತ್ತದೆ. ಹೊದಿಕೆಯನ್ನೇ ಮೊದಲು ನಿಲ್ಲಿಸುವ ಟೆಂಟ್‌ಗಳೂ ಸಿಗುತ್ತವೆ, ಮಳೆ ಜಾಸ್ತಿ ಇರುವ ಕಡೆ ಹೋಗುವವರು ಅವನ್ನೇ ನೋಡುವುದು ಒಳ್ಳೆಯದು. ನಮ್ಮದರಲ್ಲಿ ಒಂದು ಉಪಾಯ ಇದೆ. ಕೆಳಗೆ ಹಾಸುವ ಹಾಳೆಯ ಮೂಲೆಗಳಲ್ಲಿ ಕಂಬಿ ಸಿಕ್ಕಿಸಲು ರಂಧ್ರ ಇರುತ್ತದೆ. ಹಾಳೆ, ಕಂಬಿ, ಹೊದಿಕೆ ಇಷ್ಟನ್ನೇ ಮೊದಲು ನಿಲ್ಲಿಸಿ, ಅದರ ಅಡಿಯಲ್ಲಿ ನುಸುಳಿ ಒಳಟೆಂಟನ್ನು ಕ್ಲಿಪ್ ಹಾಕಿ ನೇತು ಹಾಕಬಹುದು. ಹಾಳೆ ಬೇರೆಯಾಗಿ ಕೊಳ್ಳಬೇಕು. ಕೊಳ್ಳಿ. ಆದರೆ ಅದು ಹೊದಿಕೆಯ ಅಂಚಿನಿಂದ ಹೊರಗೆ ಚಾಚಬಾರದು, ಚಾಚಿದರೆ ಮಳೆ ನೀರು ಅದರ ಮೇಲೆ ಬಿದ್ದು ನೇರ ಟೆಂಟ್ ಅಡಿಗೆ ಹರಿಯುತ್ತದೆ.

ಟೆಂಟ್ ಕೈಗೆ ಬಂದ ಮೇಲೆ ದಾರಿಯ ಲೆಕ್ಕ. ಸ್ಕಾಟ್ಲೆಂಡ್‌ನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸರಳ ನಿಯಮವನ್ನೇ ಹಿಡಿದೆವು: ಐದು ಕಿ.ಮೀ. ನಡೆಯಲು ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಮೊದಲ ದಿನ 9 ಕಿ.ಮೀ., 720 ಮೀಟರ್ ಏರು. ಅಂದರೆ ಮೂರು ಗಂಟೆ. ಆದರೆ ಇದು ಗಟ್ಟಿ ಕಾಲಿನವರು ನಿಲ್ಲದೆ ನಡೆದರೆ ಆಗುವ ಲೆಕ್ಕ. ಬೆನ್ನ ಮೇಲೆ ರಾತ್ರಿಯ ಸಾಮಾನು, ನೀರು, ಮಧ್ಯೆ ನಿಲ್ಲುವುದು, ನೋಡುವುದು ಎಲ್ಲ ಸೇರಿಸಿ ಒಂದೂವರೆ ಪಟ್ಟು ಹಿಡಿದೆವು. ನಾಲ್ಕೂವರೆ ಗಂಟೆ. ನಮಗೆ ಹಿಡಿದದ್ದು ನಾಲ್ಕು ಗಂಟೆ ಐವತ್ತು ನಿಮಿಷ. ಜೋಡಿಯಾಗಿ ಹೋಗುವಾಗ ಯಾರು ನಿಧಾನವೋ ಅವರ ವೇಗವೇ ಲೆಕ್ಕದ ವೇಗ. ಇದನ್ನು ಹೊರಡುವ ಮೊದಲೇ ಮನಸ್ಸಿಗೆ ತಂದುಕೊಂಡರೆ ದಾರಿಯಲ್ಲಿ ಯಾರಿಗೂ ಬೇಜಾರು ಇರುವುದಿಲ್ಲ. ನಮ್ಮಲ್ಲಿ ಏರಿನಲ್ಲಿ ಅವನು ನಿಧಾನ, ಇಳಿಜಾರಿನಲ್ಲಿ ನಾನು ನಿಧಾನ, ಮಂಡಿ ನೋವು ಬರುತ್ತದೆ.

ಹೊರೆ ಹಂಚಿಕೊಳ್ಳುವಾಗ ಒಂದು ತಪ್ಪು ಮಾಡಿದೆವು. ಟೆಂಟನ್ನು ಸಮವಾಗಿ ಹಂಚುವುದು ನ್ಯಾಯ ಅಂತ ಹೊದಿಕೆ, ಒಳಟೆಂಟ್ ನನ್ನ ಚೀಲಕ್ಕೆ, ಕಂಬಿ, ಗೂಟ ಅವನ ಚೀಲಕ್ಕೆ ಹಾಕಿದೆವು. ಮೊದಲ ದಿನ ಕೊನೆಯ ಏರಿನಲ್ಲಿ ನಾನು ಮುಂದೆ ಬಂದುಬಿಟ್ಟೆ. ತಂಗುವ ಜಾಗ ತಲುಪಿ ಕೂತೆ. ಇಪ್ಪತ್ತು ನಿಮಿಷ ಅವನು ಬರಲಿಲ್ಲ, ಅಷ್ಟರಲ್ಲಿ ಮೋಡ ಇಳಿದು ಹತ್ತು ಹೆಜ್ಜೆ ಆಚೆಯದ್ದು ಕಾಣದ ಹಾಗಾಯಿತು. ನನ್ನ ಹತ್ತಿರ ಬಟ್ಟೆ ಇದೆ, ಕಂಬಿ ಇಲ್ಲ. ಅವನ ಹತ್ತಿರ ಕಂಬಿ ಇದೆ, ಬಟ್ಟೆ ಇಲ್ಲ. ಹೆದರಿಕೆ ಆಯಿತು. ಸೀಟಿ ಊದಿದೆ, ಅವನೂ ಊದಿದ, ಆ ಸದ್ದು ಹಿಡಿದುಕೊಂಡು ಬಂದ. ಅವತ್ತಿನಿಂದ ಟೆಂಟ್ ಪೂರ್ತಿ ಒಬ್ಬರ ಚೀಲದಲ್ಲಿ, ಒಲೆ, ಗ್ಯಾಸ್, ಊಟ ಇನ್ನೊಬ್ಬರ ಚೀಲದಲ್ಲಿ. ಊಟ ಖಾಲಿಯಾದ ಹಾಗೆ ಆ ಚೀಲ ಹಗುರಾಗುತ್ತದೆ, ಆಗ ಬೇರೆ ಸಾಮಾನು ಅದಕ್ಕೆ ಹಾಕಿದರೆ ಆಯಿತು. ಜೊತೆಗೆ ಇಬ್ಬರ ಹತ್ತಿರವೂ ಒಂದೊಂದು ಸೀಟಿ, ಒಂದೊಂದು ಹೆಡ್‌ಟಾರ್ಚ್, ಒಂದೊಂದು ಬೆಳ್ಳಿ ಬಣ್ಣದ ತುರ್ತು ಹೊದಿಕೆ. ಇವು ಮೂರನ್ನೂ ಹಂಚಿಕೊಳ್ಳುವ ಹಾಗೇ ಇಲ್ಲ. ಸೀಟಿ ಬಗ್ಗೆ ಒಂದು ಮಾತು: ಅಪಾಯದಲ್ಲಿದ್ದೇವೆ ಅನ್ನುವುದಕ್ಕೆ ಬೆಟ್ಟಗಳಲ್ಲಿ ನಡೆದುಬಂದಿರುವ ಸಂಕೇತ ನಿಮಿಷಕ್ಕೆ ಆರು ಸಲ, ಆಮೇಲೆ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಆರು. ಉತ್ತರ ಕೊಡುವವರು ನಿಮಿಷಕ್ಕೆ ಮೂರು. ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ.

ಮೊದಲ ರಾತ್ರಿ ಮಳೆ ಇಲ್ಲ, ಗಾಳಿಯೂ ಇಲ್ಲ. ಹಾಗಿದ್ದೂ ಬೆಳಿಗ್ಗೆ ನೋಡಿದರೆ ಹೊದಿಕೆಯ ಒಳಮೈ ತುಂಬ ನೀರಿನ ಹನಿ. ‘ಟೆಂಟ್ ಸೋರುತ್ತಿದೆ ಕಣೇ’ ಅಂತ ಎಬ್ಬಿಸಿದ. ಸೋರಿದ್ದಲ್ಲ. ಇಬ್ಬರು ರಾತ್ರಿಯಿಡೀ ಬಿಟ್ಟ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿರುತ್ತದೆ. ಎರಡು ಪದರದ ಟೆಂಟ್ ಕೊಳ್ಳುವುದೇ ಇದಕ್ಕೆ: ಹನಿ ಹೊರ ಹೊದಿಕೆಯಲ್ಲಿ ಉಳಿಯುತ್ತದೆ, ನಮ್ಮ ಪಕ್ಕದ ಒಳಗೋಡೆ ಒಣಗಿಯೇ ಇರುತ್ತದೆ. ನಮ್ಮ ತಪ್ಪೂ ಇತ್ತು. ಚಳಿ ಅಂತ ಮೇಲಿನ ಎರಡೂ ಗಾಳಿಕಿಂಡಿ ಮುಚ್ಚಿದ್ದೆವು, ಟೆಂಟನ್ನು ಕಣಿವೆಯ ತಳದಲ್ಲಿ ಹಾಕಿದ್ದೆವು. ರಾತ್ರಿ ತಂಪು ಗಾಳಿ ಇಳಿದು ಬಂದು ತಗ್ಗಿನಲ್ಲೇ ನಿಲ್ಲುತ್ತದೆ, ಇಬ್ಬನಿಯೂ ಅಲ್ಲೇ ಜಾಸ್ತಿ. ಎರಡನೇ ದಿನ ಕಿಂಡಿ ತೆರೆದಿಟ್ಟೆವು, ಹಳ್ಳದಿಂದ ಸ್ವಲ್ಪ ಮೇಲಕ್ಕೆ ಹೋದೆವು. ಹೇಗೂ ನೀರಿನಿಂದ 60 ಮೀಟರ್ ದೂರ ಇರಬೇಕು ಅನ್ನುವುದು ಬೆಟ್ಟ ಹಾಳು ಮಾಡದೆ ತಂಗುವ ನಿಯಮ. ಶೌಚಕ್ಕೂ ಅಷ್ಟೇ, ನೀರಿನಿಂದ ಅಷ್ಟು ದೂರ, 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಬೇಕು.

ಎರಡನೇ ದಿನ ಸಂಜೆ ನಾಲ್ಕಕ್ಕೆ ದೂರದಲ್ಲಿ ಮಿಂಚು. ಎಣಿಸಿದೆವು. ಮಿಂಚಿನಿಂದ ಗುಡುಗಿಗೆ ಮೂರು ಸೆಕೆಂಡ್ ಅಂದರೆ ಸುಮಾರು ಒಂದು ಕಿ.ಮೀ. ದೂರ. ನಮಗೆ ಸಿಕ್ಕಿದ್ದು 24 ಸೆಕೆಂಡ್, ಎಂಟು ಕಿ.ಮೀ. ನಮ್ಮ ಪ್ಲಾನ್ ಪ್ರಕಾರ ಆ ರಾತ್ರಿ ಬೆಟ್ಟದ ಏಣಿನ ಮೇಲೆ, ಸೂರ್ಯೋದಯ ಚೆನ್ನಾಗಿ ಕಾಣುವ ಜಾಗದಲ್ಲಿ ತಂಗಬೇಕಿತ್ತು. ಅವನಿಗೆ ಆ ಜಾಗದ ಆಸೆ ತುಂಬ ಇತ್ತು, ನನಗೂ ಇತ್ತು. ಆದರೂ ಎರಡು ಮಾತಿಲ್ಲದೆ ಕೆಳಗಿಳಿದೆವು. ಯಾಕೆಂದರೆ ಮನೆಯಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದೆವು: ಇಬ್ಬರಲ್ಲಿ ಒಬ್ಬರು ಬೇಡ ಅಂದರೆ ಬೇಡ, ವಾದ ಇಲ್ಲ. ಟೆಂಟ್ ಸಿಡಿಲಿನಿಂದ ಏನೂ ಕಾಪಾಡುವುದಿಲ್ಲ. ಏಣು, ಶಿಖರ, ಒಂಟಿ ಮರದ ಬುಡ ಮೂರೂ ಬೇಡ. ಕೆಳಗೆ ಒಂದೇ ಎತ್ತರದ ಕುರುಚಲು ಗಿಡಗಳ ನಡುವೆ, ನೀರು ನಿಲ್ಲದ ಒಂದು ತಟ್ಟು ಸಿಕ್ಕಿತು. ಮೊದಲ ಹನಿ ಬಿದ್ದಾಗ ಚೀಲ ಬಿಚ್ಚಿದೆವು. ಹಾಳೆ, ಕಂಬಿ, ಹೊದಿಕೆ ಎದ್ದು ನಿಂತಿತು, ಚೀಲಗಳನ್ನು ಒಳಗೆ ಎಳೆದುಕೊಂಡೆವು, ಮಳೆ ಜೋರಾಯಿತು. ಒಳಟೆಂಟ್ ಒಂದು ಹನಿಯೂ ತಾಗದೆ ಅಡಿಯಲ್ಲಿ ಕೂತು ಕಟ್ಟಿದೆವು.

ಎರಡೂವರೆ ಗಂಟೆ ಸುರಿಯಿತು. ಹೊದಿಕೆಯ ಮೇಲೆ 1500 ಮಿ.ಮೀ., ನೆಲದ ಬಟ್ಟೆಗೆ 3000 ಮಿ.ಮೀ. ಅಂತ ಬರೆದಿರುತ್ತಾರಲ್ಲ, ಅದರ ಅರ್ಥ ಅಷ್ಟು ಎತ್ತರದ ನೀರಿನ ಭಾರ ಬರುವವರೆಗೂ ಬಟ್ಟೆ ಒಳಕ್ಕೆ ಬಿಡುವುದಿಲ್ಲ ಅಂತ. ಮಂಡಿಯೂರಿ ಕೂತರೆ ನೆಲದ ಬಟ್ಟೆಯ ಮೇಲೆ ಒತ್ತಡ ಜಾಸ್ತಿ, ಅದಕ್ಕೇ ಅಲ್ಲಿ ಅಂಕಿ ದೊಡ್ಡದು. ನಮ್ಮ ಟೆಂಟ್ ಎರಡೂ ಕಡೆ ಮಾತು ಉಳಿಸಿಕೊಂಡಿತು. ಒಳಗೆ ಒಂದು ಹನಿ ಬರಲಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಹೊದಿಕೆ ಜೋತುಬಿತ್ತು. ನೈಲಾನ್ ನೀರು ಹೀರಿ ಸ್ವಲ್ಪ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಜೋತ ಹೊದಿಕೆ ಒಳಟೆಂಟ್‌ಗೆ ತಾಗಿದರೆ ತೇವ ಒಳಗೆ ಬರುತ್ತದೆ. ಹಾಗಾಗಿ ನಾನು ನನ್ನ ಬಾಗಿಲಿನಿಂದ, ಅವನು ಅವನ ಬಾಗಿಲಿನಿಂದ ಕೈ ಚಾಚಿ ಎರಡು ಕಡೆಯ ಹಗ್ಗವನ್ನೂ ಬಿಗಿಮಾಡಿದೆವು. ಅರ್ಧ ನಿಮಿಷದ ಕೆಲಸ. ಎರಡು ಬಾಗಿಲು ಬೇಕೇ ಬೇಕು ಅಂತ ನಾನು ಹಟ ಹಿಡಿಯುವುದು ಸುಮ್ನೆ ಅಲ್ಲ.

ಊಟದ ವಿಷಯದಲ್ಲಿ ಆ ರಾತ್ರಿ ಬಿಸಿ ಏನೂ ಮಾಡಲಿಲ್ಲ. ಮಳೆ ಬಂದರೆ ಇರಲಿ ಅಂತ ಒಂದು ಹೊತ್ತಿಗೆ ಬೆಂಕಿ ಬೇಡದ ತಿಂಡಿ ಇಟ್ಟುಕೊಂಡಿದ್ದೆವು, ಅದನ್ನೇ ತಿಂದೆವು. ಟೆಂಟ್ ಒಳಗೆ ಒಲೆ ಹಚ್ಚುವ ಯೋಚನೆಯನ್ನೇ ಮಾಡಬೇಡಿ. ಬೆಂಕಿ ಹತ್ತುವುದು ಒಂದು ಕಡೆ, ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಕಡೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗಿ ಪ್ರಾಣವೇ ಹೋಗುತ್ತದೆ. ಮುಚ್ಚಿದ ಜಗುಲಿಯೂ ಒಳಗೇ ಅಂತ ಲೆಕ್ಕ.

ಚಳಿಯ ಲೆಕ್ಕವೂ ಟೆಂಟ್ ಜೊತೆಗೇ ಮಾಡಬೇಕು, ಟೆಂಟ್ ಗಾಳಿ ಮಳೆ ತಡೆಯುತ್ತದೆಯೇ ಹೊರತು ಬೆಚ್ಚಗೆ ಇಡುವುದಿಲ್ಲ. ಎತ್ತರ 1000 ಮೀಟರ್ ಹೆಚ್ಚಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗಿನ ಊರಿನ ಮುನ್ಸೂಚನೆ ರಾತ್ರಿ 14 ಡಿಗ್ರಿ ಅಂದಿತ್ತು, ನಾವು ಅದಕ್ಕಿಂತ 1200 ಮೀಟರ್ ಮೇಲೆ. ಅಂದರೆ ಆರರ ಹತ್ತಿರ, ಗಾಳಿ ಬೀಸಿದರೆ ಇನ್ನೂ ಚಳಿ. ಸ್ಲೀಪಿಂಗ್ ಬ್ಯಾಗ್ ಚೀಟಿಯಲ್ಲಿ ಎಷ್ಟು ಡಿಗ್ರಿ ಚಳಿಯವರೆಗೆ ಸಾಕಾಗುತ್ತದೆ ಅನ್ನುವುದಕ್ಕೆ ‘ಕಂಫರ್ಟ್’, ‘ಲಿಮಿಟ್’ ಅಂತ ಎರಡು ಅಂಕಿ ಇರುತ್ತವೆ. ಐಎಸ್‌ಒ 23537 ಅನ್ನುವ ಮಾನದಂಡದಲ್ಲಿ ಮೊದಲನೆಯದು ಸಾಮಾನ್ಯ ಹೆಣ್ಣಿನ ಲೆಕ್ಕ, ಎರಡನೆಯದು ಸಾಮಾನ್ಯ ಗಂಡಿನ ಲೆಕ್ಕ. ಅಂಗಡಿಯವರು ಎರಡನೆಯದನ್ನೇ ತೋರಿಸುತ್ತಾರೆ. ನಾನು ಕಂಫರ್ಟ್ 3 ಡಿಗ್ರಿ ಇರುವುದನ್ನು ತೆಗೆದುಕೊಂಡೆ, ಬೆಚ್ಚಗೆ ಮಲಗಿದೆ. ಅವನು ಲಿಮಿಟ್ ಅಂಕಿ ನೋಡಿ ತೆಗೆದುಕೊಂಡಿದ್ದ, ಬೆಳಗಿನ ಜಾವ ಜಾಕೆಟ್ ಹುಡುಕಿದ. ಜೋಡಿಗೆ ಬೇಕಾದ್ದು ಒಂದೇ ಥರದ ಎರಡು ಬ್ಯಾಗ್ ಅಲ್ಲ, ಅವರವರ ಮೈಗೆ ಬೇಕಾದ ಬ್ಯಾಗ್.

ಇನ್ನು ಬೇಸರದ ಮಾತು. ಟೆಂಟ್ ಜೊತೆ ಕೊಟ್ಟ ಎಂಟು ಗೂಟಗಳು ಕಡ್ಡಿಯಂತೆ ತೆಳು. ಕಲ್ಲು ನೆಲದಲ್ಲಿ ಮೊದಲ ದಿನವೇ ಎರಡು ಬಾಗಿದವು. ಮೂಲೆಯ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಕಟ್ಟಿ ನಿಭಾಯಿಸಿದೆವು. ವಾಪಸ್ ಬಂದ ಮೇಲೆ ಮಾರಿದವರಿಗೆ ಬರೆದರೆ ‘ಬಳಕೆಯಿಂದ ಆದದ್ದು, ಬದಲಿಸಿ ಕೊಡಲು ಆಗುವುದಿಲ್ಲ’ ಅಂದರು. ಗೂಟ ಇರುವುದೇ ಬಳಸುವುದಕ್ಕೆ, ಈ ಉತ್ತರ ನನಗೆ ಸರಿ ಅನ್ನಿಸಲಿಲ್ಲ. ಇನ್ನೊಂದು, ಹೊರಬಾಗಿಲಿನ ಜಿಪ್ ಮಳೆ ತಡೆಯುವ ಪಟ್ಟಿಯನ್ನು ಪದೇ ಪದೇ ಕಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ಅವಸರದಿಂದ ಎಳೆದರೆ ಬಟ್ಟೆ ಹರಿಯುವುದು ಗ್ಯಾರಂಟಿ. ಒಂದು ಕೈಯಲ್ಲಿ ಪಟ್ಟಿ ಸರಿಸಿ ಹಿಡಿದು ಇನ್ನೊಂದು ಕೈಯಲ್ಲಿ ಎಳೆಯಬೇಕು. ಎತ್ತರ 102 ಸೆಂ.ಮೀ. ಅಂತ ಇದೆ, ಅದು ನಟ್ಟನಡುವೆ ಮಾತ್ರ. ಇಬ್ಬರೂ ಒಟ್ಟಿಗೆ ನೆಟ್ಟಗೆ ಕೂರಲು ಆಗುವುದಿಲ್ಲ, ಬಟ್ಟೆ ಬದಲಿಸುವಾಗ ಒಬ್ಬರು ಮಲಗಿಯೇ ಇರಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಇಬ್ಬರೂ ಸಾಧಾರಣ ಎತ್ತರದವರು, ಸಾಮಾನ್ಯ ಅಗಲದ ಮ್ಯಾಟ್, ಹಿಮ ಇಲ್ಲದ ಕಾಲ, ಎರಡು ಮೂರು ದಿನದ ಟ್ರೆಕ್, ಇಷ್ಟಕ್ಕೆ ಇದು ತುಂಬ ಚೆನ್ನಾಗಿದೆ. ಎತ್ತರದವರು, ಮಗುವನ್ನೋ ನಾಯಿಯನ್ನೋ ಕರೆದುಕೊಂಡು ಹೋಗುವವರು ಮೂವರ ಟೆಂಟ್ ತೆಗೆದುಕೊಳ್ಳಿ, ಅರ್ಧ ಕೆ.ಜಿ. ಜಾಸ್ತಿ ಹೊತ್ತರೂ ಪರವಾಗಿಲ್ಲ. ಮನೆಗೆ ಬಂದ ದಿನವೇ ಬಿಚ್ಚಿ ನೆರಳಲ್ಲಿ ಪೂರ್ತಿ ಒಣಗಿಸಿ. ಒದ್ದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಒಳಗಿನ ಲೇಪನ ಅಂಟಂಟಾಗಿ ಸುಲಿದುಬರುತ್ತದೆ. ನಾವು ಒಣಗಿಸಿ, ಗಟ್ಟಿಯಾದ ಆರು ಗೂಟ ತಂದು ಅದರ ಚೀಲಕ್ಕೆ ಹಾಕಿಟ್ಟಿದ್ದೇವೆ. ಏಣಿನ ಮೇಲಿನ ಆ ಜಾಗ ಇನ್ನೂ ನೋಡಬೇಕಿದೆ. ಮಳೆಗಾಲ ಮುಗಿಯಲಿ ಅಂತ ಕಾಯುತ್ತಿದ್ದೇವೆ.